ನೀರಲ್ಲಿ ಕರಗದ್ದು ಅಡುಗೆ ಸೋಡಾದ ನೀರಲ್ಲಿ ಹೇಗೆ ಕರಗಿತು?

ಕಳೆದ ತಿಂಗಳು ದ್ವಿತೀಯ ಪಿಯುಸಿಯ ರೆಕಾರ್ಡ್ ಪುಸ್ತಕಗಳನ್ನು ತಿದ್ದುತ್ತಾ ಕುಳಿತಿದ್ದೆ. ಸಾವಯವ ಸಂಯುಕ್ತಗಳ ವಿಲೀನತೆಯ ಪ್ರಯೋಗದಲ್ಲಿ ‘ಕಾರಣ’ ಎಂಬ ಅಂಕಣ ಇದೆಯಲ್ಲ, ಅಲ್ಲಿ ಇಡೀ ಬ್ಯಾಚ್ ಒಂದೇ ವಾಕ್ಯ ಬರೆದಿತ್ತು: ‘ಲೈಕ್ ಡಿಸಾಲ್ವ್ಸ್ ಲೈಕ್’. ಯೂರಿಯಾ ನೀರಲ್ಲಿ ಕರಗಿದ್ದಕ್ಕೂ ಅದೇ ಕಾರಣ, ನ್ಯಾಫ್ತಲೀನ್ ಕರಗದೆ ಉಳಿದದ್ದಕ್ಕೂ ಅದೇ ಕಾರಣ. ನಾನೂ ಕೆಂಪು ಪೆನ್ನಿನಲ್ಲಿ ಎಲ್ಲದಕ್ಕೂ ಸರಿ ಹಾಕುತ್ತಾ ಹೋದೆ. ಯಾಕೆಂದರೆ ಆ ವಾಕ್ಯ ಬರೆಸಿದವನು ನಾನೇ.

ಪುಸ್ತಕ ವಾಪಸು ಕೊಟ್ಟ ದಿನ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಹತ್ತಿರ ಬಂದು ಕೇಳಿದಳು: “ಸರ್, ಬೆಂಜೋಯಿಕ್ ಆಸಿಡ್ ನೀರಲ್ಲಿ ಕರಗಲಿಲ್ಲ ಅಂತ ಬರೆದೆ. ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಕರಗಿತು ಅಂತಲೂ ಬರೆದೆ. ಆದರೆ ಆ ದ್ರಾವಣದಲ್ಲೂ ಇರೋದು ಹೆಚ್ಚಿನಂಶ ನೀರೇ ಅಲ್ವಾ? ಎರಡಕ್ಕೂ ಒಂದೇ ಕಾರಣ ಬರೆದಿದ್ದೇನೆ, ನೀವು ಎರಡಕ್ಕೂ ಸರಿ ಹಾಕಿದ್ದೀರಿ.”

ಆ ಪ್ರಶ್ನೆಗೆ ಅಲ್ಲೇ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಿ ಕಳಿಸಿದೆ. ಆದರೆ ಸಮಾಧಾನ ಆಗಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು ಸರಿಯಾದ ಸಮಯಕ್ಕೆ ಕೇಳಿಕೊಳ್ಳದೆ ನಾನೊಮ್ಮೆ ಪರೀಕ್ಷೆಯಲ್ಲಿ ಕೆಟ್ಟಿದ್ದೆ. ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ. ಬೆಂಜೋಯಿಕ್ ಆಸಿಡ್ ಮತ್ತು ನ್ಯಾಫ್ತಲೀನಿನ ಮಿಶ್ರಣ ಕೊಟ್ಟಿದ್ದರು, ಎರಡನ್ನೂ ಬೇರೆ ಮಾಡಿ ಒಪ್ಪಿಸಬೇಕು. ಮಿಶ್ರಣವನ್ನು ಈಥರಿನಲ್ಲಿ ಕರಗಿಸಿ, ಬೈಕಾರ್ಬೊನೇಟ್ ದ್ರಾವಣ ಸೇರಿಸಿ, ಸೆಪರೇಟಿಂಗ್ ಫನೆಲ್‌ನಲ್ಲಿ ಕುಲುಕಿದೆ. ಎರಡು ಪದರ ಆಯಿತು. ಮೇಲೆ ಈಥರ್, ಕೆಳಗೆ ನೀರು. ಬೆಂಜೋಯಿಕ್ ಆಸಿಡ್ ನೀರಲ್ಲಿ ಕರಗುವುದಿಲ್ಲ ಎಂಬುದು ನನಗೆ ಬಾಯಿಪಾಠ. ಹಾಗಾಗಿ ಕೆಳಗಿನ ತಿಳಿನೀರಲ್ಲಿ ಏನೂ ಇರಲಿಕ್ಕಿಲ್ಲ ಎಂದು ಅದನ್ನು ನೇರ ಸಿಂಕಿಗೆ ಬಿಟ್ಟೆ. ಈಥರ್ ಆರಿಸಿದಾಗ ನ್ಯಾಫ್ತಲೀನ್ ಮಾತ್ರ ಸಿಕ್ಕಿತು. “ಇನ್ನೊಂದು ಎಲ್ಲಿ?” ಎಂದು ಪರೀಕ್ಷಕರು ಕೇಳಿದಾಗ ನಾನು ಸಿಂಕಿನ ಕಡೆ ನೋಡಿದೆ. ಅರ್ಧ ಅಂಕ ಆ ಪೈಪಿನಲ್ಲಿ ಹರಿದು ಹೋಗಿತ್ತು.

ಆ ನೀರಿಗೆ ಸ್ವಲ್ಪ ಸ್ವಲ್ಪವೇ ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದ್ದರೆ ಮೊದಲು ನೊರೆ ಎದ್ದು, ಆಮೇಲೆ ಮೊಸರು ಒಡೆದಂತೆ ಬೆಳ್ಳಗೆ ಬೆಂಜೋಯಿಕ್ ಆಸಿಡ್ ಹೊರಗೆ ಬರುತ್ತಿತ್ತು. ಅದು ಯಾಕೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲಿಗೆ, ಕರಗುವುದು ಎಂದರೆ ಏನು? ಇದನ್ನು ಅಂಗಡಿಯ ಜಮಾಖರ್ಚಿನ ಹಾಗೆ ನೋಡಿದರೆ ಸುಲಭ. ಎರಡು ಖರ್ಚು, ಒಂದು ಜಮೆ. ಕರಗಬೇಕಾದ ವಸ್ತುವಿನ ಅಣುಗಳು ಒಂದನ್ನೊಂದು ಹಿಡಿದುಕೊಂಡಿರುತ್ತವೆ, ಅದನ್ನು ಬಿಡಿಸಬೇಕು. ಇದು ಮೊದಲ ಖರ್ಚು. ದ್ರಾವಕದ ಅಣುಗಳೂ ತಮ್ಮೊಳಗೆ ಹಿಡಿದುಕೊಂಡಿರುತ್ತವೆ, ಹೊಸಬನಿಗೆ ಜಾಗ ಮಾಡಲು ಅವನ್ನೂ ಸರಿಸಬೇಕು, ಇದು ಎರಡನೆಯದು. ಆಮೇಲೆ ದ್ರಾವಕವೂ ದ್ರಾವ್ಯವೂ ಒಂದನ್ನೊಂದು ಹಿಡಿದಾಗ ಬರುವ ಶಕ್ತಿ ಜಮೆ. ಇದರ ಜೊತೆಗೆ ಬೆರೆತು ಹರಡಿಕೊಳ್ಳುವ ಸಹಜ ಒಲವು, ಅಂದರೆ ಎಂಟ್ರೊಪಿ, ಸಾಮಾನ್ಯವಾಗಿ ಕರಗುವಿಕೆಯ ಪರವಾಗಿ ನಿಲ್ಲುತ್ತದೆ. ಆದ್ದರಿಂದ ಖರ್ಚು ಜಮೆಗಿಂತ ತುಸು ಹೆಚ್ಚಾದರೂ ವ್ಯವಹಾರ ನಡೆಯುತ್ತದೆ. ತೀರಾ ಹೆಚ್ಚಾದರೆ ನಡೆಯುವುದಿಲ್ಲ.

ಎಣ್ಣೆಗೂ ನೀರಿಗೂ ಜಗಳ ಎಂದು ಹೇಳುವುದು ವಾಡಿಕೆ. ನಿಜವಾಗಿ ಜಗಳ ಇಲ್ಲ. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ತಮ್ಮತಮ್ಮಲ್ಲೇ ಬಿಗಿಯಾಗಿ ಕೈಹಿಡಿದಿರುತ್ತವೆ. ಹೆಕ್ಸೇನಿನ ಅಣು ನಡುವೆ ಬಂದರೆ ಆ ಹಿಡಿತ ಕೆಡುತ್ತದೆ, ಬದಲಿಗೆ ಹೆಕ್ಸೇನ್ ಕೊಡುವುದು ಬಹಳ ಅಲ್ಪ. ನೀರಿಗೆ ಹೆಕ್ಸೇನ್ ಬೇಡ ಎನ್ನುವುದಕ್ಕಿಂತ ನೀರಿಗೆ ನೀರೇ ಹೆಚ್ಚು ಬೇಕು ಎನ್ನುವುದು ಸರಿ.

ಆಲ್ಕೋಹಾಲ್‌ಗಳ ಸಾಲನ್ನು ನೋಡಿ. ಮೆಥನಾಲ್, ಎಥನಾಲ್, ಪ್ರೊಪನ್-1-ಆಲ್ ಈ ಮೂರೂ ನೀರಿನೊಂದಿಗೆ ಎಷ್ಟು ಬೇಕಾದರೂ ಬೆರೆಯುತ್ತವೆ. ಬ್ಯೂಟನ್-1-ಆಲ್‌ಗೆ ಬಂದರೆ 100 ಮಿ.ಲೀ. ನೀರಿನಲ್ಲಿ ಸುಮಾರು 7 ಗ್ರಾಂ ಮಾತ್ರ. ಪೆಂಟನ್-1-ಆಲ್ ಸುಮಾರು 2 ಗ್ರಾಂ, ಹೆಕ್ಸನ್-1-ಆಲ್ ಅರ್ಧ ಗ್ರಾಂ ಚಿಲ್ಲರೆ. ಎಲ್ಲದರಲ್ಲೂ ಇರುವುದು ಒಂದೇ ಒಂದು ಒಎಚ್ ಗುಂಪು. ಅದು ತರುವ ಜಮೆ ಒಂದೇ, ಇಂಗಾಲದ ಬಾಲ ಉದ್ದವಾದ ಹಾಗೆ ಖರ್ಚು ಮಾತ್ರ ಏರುತ್ತದೆ. ನಾಲ್ಕೇ ಇಂಗಾಲ ಇದ್ದರೂ ಟರ್ಷಿಯರಿ ಬ್ಯುಟೈಲ್ ಆಲ್ಕೋಹಾಲ್ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ. ಅದರ ಬಾಲ ಉಂಡೆಯಾಗಿ ಮುದುರಿಕೊಂಡಿರುವುದರಿಂದ ನೀರಿನ ಜಾಲದಲ್ಲಿ ಕಡಿಮೆ ಜಾಗ ಕೇಳುತ್ತದೆ.

ಇಲ್ಲಿಯವರೆಗೆ ‘ಲೈಕ್ ಡಿಸಾಲ್ವ್ಸ್ ಲೈಕ್’ ಚೆನ್ನಾಗಿಯೇ ನಡೆಯುತ್ತದೆ. ಈಗ ಅದು ಬಾಯಿ ಮುಚ್ಚುವ ಒಂದು ಉದಾಹರಣೆ. ಮೇಲಿಯಿಕ್ ಆಸಿಡ್ ಮತ್ತು ಫ್ಯೂಮಾರಿಕ್ ಆಸಿಡ್. ಎರಡರ ಸೂತ್ರವೂ ಒಂದೇ, ಎರಡರಲ್ಲೂ ಎರಡೆರಡು ಕಾರ್ಬಾಕ್ಸಿಲ್ ಗುಂಪು. ಒಂದು ಸಿಸ್, ಇನ್ನೊಂದು ಟ್ರಾನ್ಸ್, ವ್ಯತ್ಯಾಸ ಅಷ್ಟೇ. ‘ಸಮಾನ’ ಎಂದರೆ ಇವೆರಡೂ ನೀರಿಗೆ ಒಂದೇ ಪ್ರಮಾಣದಲ್ಲಿ ಸಮಾನ. ಆದರೆ 25 ಡಿಗ್ರಿಯಲ್ಲಿ 100 ಮಿ.ಲೀ. ನೀರಿನಲ್ಲಿ ಮೇಲಿಯಿಕ್ ಆಸಿಡ್ ಸುಮಾರು 78 ಗ್ರಾಂ ಕರಗುತ್ತದೆ, ಫ್ಯೂಮಾರಿಕ್ ಒಂದು ಗ್ರಾಂ ಕೂಡ ಕರಗುವುದಿಲ್ಲ. ಯಾಕೆ? ಮೊದಲ ಖರ್ಚನ್ನು ನೋಡಿ. ಟ್ರಾನ್ಸ್ ಅಣು ನೇರವಾಗಿದೆ, ಇಟ್ಟಿಗೆ ಜೋಡಿಸಿದ ಹಾಗೆ ಹರಳಿನಲ್ಲಿ ಬಿಗಿಯಾಗಿ ಕೂರುತ್ತದೆ, ಪಕ್ಕದ ಅಣುಗಳೊಂದಿಗೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತದೆ. ಸಿಸ್ ಅಣುವಿನ ಎರಡು ಗುಂಪುಗಳು ಒಂದೇ ಬದಿಗೆ ಬಂದು ಒಂದು ಬಂಧವನ್ನು ತಮ್ಮೊಳಗೇ ಕಟ್ಟಿಕೊಂಡಿರುತ್ತವೆ, ಹರಳು ಅಷ್ಟು ಗಟ್ಟಿಯಿಲ್ಲ. ಕರಗುವ ಬಿಂದುಗಳೇ ಸಾಕ್ಷಿ ಹೇಳುತ್ತವೆ: ಒಂದು 135 ಡಿಗ್ರಿಯ ಆಸುಪಾಸು, ಇನ್ನೊಂದು ಅದರ ಇಮ್ಮಡಿಗೂ ಹೆಚ್ಚು. ವಸ್ತು ದ್ರಾವಕಕ್ಕೆ ಎಷ್ಟು ಹತ್ತಿರದ್ದು ಎಂದಷ್ಟೇ ಕೇಳಿದರೆ ಸಾಲದು, ತನ್ನ ಹರಳನ್ನು ಬಿಟ್ಟು ಬರಲು ಅದಕ್ಕೆ ಎಷ್ಟು ಮನಸ್ಸಿದೆ ಎಂದೂ ಕೇಳಬೇಕು.

ಒಂದು ವಸ್ತು ಒಂದೇ ದ್ರಾವಕದಲ್ಲಿ ಇರಬೇಕೆಂದೂ ಇಲ್ಲ, ಎರಡರ ನಡುವೆ ಹಂಚಿಕೊಳ್ಳಲೂಬಹುದು. ಅದಕ್ಕೆ ನಮ್ಮ ಮದುವೆಮನೆಯ ಪನ್ನೀರು ಒಳ್ಳೆಯ ಉದಾಹರಣೆ. ಗುಲಾಬಿ ಎಸಳನ್ನು ನೀರು ಹಾಕಿ ಬೇಯಿಸಿ ಆವಿಯನ್ನು ತಣಿಸಿದಾಗ ನೀರೂ ಅದರ ಮೇಲೆ ತೇಲುವ ತುಸು ಎಣ್ಣೆಯೂ ಸಿಗುತ್ತದೆ. ಗುಲಾಬಿಯ ಪರಿಮಳ ಒಂದೇ ಅಣುವಿನದಲ್ಲ. ಜೆರಾನಿಯಾಲ್, ಸಿಟ್ರೊನೆಲ್ಲಾಲ್‌ಗಳಿಗೆ ಹತ್ತು ಇಂಗಾಲದ ಬಾಲ. ಅವು ಎಣ್ಣೆಯ ಕಡೆ ಹೋಗುತ್ತವೆ. 2-ಫಿನೈಲ್ ಎಥನಾಲ್ ಎಂಬ ಇನ್ನೊಂದು 100 ಮಿ.ಲೀ. ನೀರಿನಲ್ಲಿ ಸುಮಾರು 2 ಗ್ರಾಂನಷ್ಟು ಕರಗುತ್ತದೆ, ಹಾಗಾಗಿ ಅದರ ಹೆಚ್ಚಿನ ಪಾಲು ನೀರಿನಲ್ಲೇ ಉಳಿಯುತ್ತದೆ. ಪನ್ನೀರಿನ ವಾಸನೆಯೂ ಗುಲಾಬಿ ಎಣ್ಣೆಯ ವಾಸನೆಯೂ ಒಂದೇ ಅಲ್ಲ ಎಂದು ನಿಮ್ಮ ಮೂಗಿಗೆ ಗೊತ್ತಿದ್ದರೆ ಕಾರಣ ಇದು. ಕನೌಜಿನ ಅತ್ತರು ಮಾಡುವವರು ಹಿಂದಿನಿಂದಲೂ ಹೂವಿನ ಆವಿಯನ್ನು ನೇರವಾಗಿ ಗಂಧದೆಣ್ಣೆಯ ಪಾತ್ರೆಗೆ ಇಳಿಸುತ್ತಾರೆ. ಆ ಎಣ್ಣೆಯೇ ಅಲ್ಲಿ ದ್ರಾವಕ. ಅದಕ್ಕೇ ಆಲ್ಕೋಹಾಲ್ ಇಲ್ಲದೆಯೂ ಅತ್ತರು ಮಾಡಲಾಗುತ್ತದೆ.

ಸರಿ, ಬೈಕಾರ್ಬೊನೇಟಿಗೆ ಬರೋಣ. ಬೆಂಜೋಯಿಕ್ ಆಸಿಡ್ 25 ಡಿಗ್ರಿಯಲ್ಲಿ 100 ಮಿ.ಲೀ. ನೀರಿನಲ್ಲಿ ಕರಗುವುದು 0.34 ಗ್ರಾಂ. ಬೆಂಜೀನ್ ಉಂಗುರದ ಖರ್ಚು ಹೆಚ್ಚು, ಒಂದು ಕಾರ್ಬಾಕ್ಸಿಲ್ ಗುಂಪಿನ ಜಮೆ ಅದಕ್ಕೆ ಸಾಲುವುದಿಲ್ಲ. ಬೈಕಾರ್ಬೊನೇಟ್ ಸೇರಿದಾಗ ಆ ಗುಂಪು ಪ್ರೋಟಾನ್ ಬಿಟ್ಟುಕೊಟ್ಟು ಬೆಂಜೋಯೇಟ್ ಅಯಾನು ಆಗುತ್ತದೆ, ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಪೂರ್ಣ ಋಣ ಆವೇಶ ಇರುವ ಅಯಾನನ್ನು ನೀರು ಸುತ್ತಲೂ ಮುತ್ತಿಕೊಂಡು ಹಿಡಿಯುತ್ತದೆ, ಜಮೆ ಒಮ್ಮೆಲೇ ಏರುತ್ತದೆ. ಸೋಡಿಯಂ ಬೆಂಜೋಯೇಟ್ 100 ಮಿ.ಲೀ. ನೀರಿನಲ್ಲಿ 60 ಗ್ರಾಂಗೂ ಹೆಚ್ಚು ಕರಗುತ್ತದೆ. ಸ್ಕ್ವಾಶ್ ಬಾಟಲಿಯ ಮೇಲೆ ಸಂರಕ್ಷಕ ಎಂದು ಇದರ ಹೆಸರನ್ನು ಓದಿರಬಹುದು. ಹಾಗಾದರೆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಇದು: ದ್ರಾವಕ ಎರಡು ಕಡೆಯೂ ನೀರೇ, ಆದರೆ ಕರಗಿದ್ದು ಬೆಂಜೋಯಿಕ್ ಆಸಿಡ್ ಅಲ್ಲ. ಅದು ಬೇರೆ ವಸ್ತುವಾಗಿ ಬದಲಾಯಿತು, ಕರಗಿದ್ದು ಆ ಬದಲಾದ ವಸ್ತು. ಆಸಿಡ್ ಹಾಕಿದರೆ ಪ್ರೋಟಾನ್ ಮರಳಿ ಸಿಗುತ್ತದೆ, ಹಳೆಯ ವಸ್ತು ಹೊರಗೆ ಬರುತ್ತದೆ. ನಾನು ಸಿಂಕಿಗೆ ಚೆಲ್ಲಿದ್ದು ಸೋಡಿಯಂ ಬೆಂಜೋಯೇಟ್.

ಇದು ಅರ್ಥವಾದರೆ ಪ್ರಾಯೋಗಿಕ ಪರೀಕ್ಷೆಯ ನಾಲ್ಕು ದ್ರಾವಕಗಳ ಆಟ ಪೂರ್ತಿ ತೆರೆದುಕೊಳ್ಳುತ್ತದೆ. ಯಾರು ಯಾರಿಂದ ಪ್ರೋಟಾನ್ ಕಸಿದುಕೊಳ್ಳಬಲ್ಲರು ಎಂಬುದೇ ಪ್ರಶ್ನೆ. ಬೆಂಜೋಯಿಕ್ ಆಸಿಡಿನ ಪಿಕೆಎ 4.2, ಕಾರ್ಬಾನಿಕ್ ಆಸಿಡಿನದು 6.4, ಫೀನಾಲಿನದು 10. ಕಾರ್ಬಾನಿಕ್ ಆಸಿಡಿಗಿಂತ ಪ್ರಬಲವಾದದ್ದು ಮಾತ್ರ ಬೈಕಾರ್ಬೊನೇಟಿನಿಂದ ಗುಳ್ಳೆ ಎಬ್ಬಿಸುತ್ತದೆ. ಫೀನಾಲಿಗೆ ಆ ಬಲ ಇಲ್ಲ, ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡೇ ಬೇಕು. ಅನಿಲೀನ್ ಪ್ರೋಟಾನ್ ಕೊಡುವ ಬದಲು ತೆಗೆದುಕೊಳ್ಳುತ್ತದೆ, ಆದ್ದರಿಂದ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡಿನಲ್ಲಿ ಅನಿಲೀನಿಯಂ ಅಯಾನಾಗಿ ಕರಗುತ್ತದೆ. ನ್ಯಾಫ್ತಲೀನಿಗೆ ಕೊಡಲೂ ಇಲ್ಲ, ಕೊಳ್ಳಲೂ ಇಲ್ಲ. ಅದು ನಾಲ್ಕರಲ್ಲೂ ಹಾಗೆಯೇ ಕೂತಿರುತ್ತದೆ. ಪಿಕ್ರಿಕ್ ಆಸಿಡ್ ಹೆಸರಿಗೆ ಫೀನಾಲ್ ಜಾತಿಯದು, ಆದರೆ ಮೂರು ನೈಟ್ರೊ ಗುಂಪುಗಳು ಎಲೆಕ್ಟ್ರಾನ್ ಎಳೆದುಕೊಳ್ಳುವುದರಿಂದ ಬೈಕಾರ್ಬೊನೇಟಿನಲ್ಲೂ ಗುಳ್ಳೆ ಎಬ್ಬಿಸುತ್ತದೆ. ಫೀನಾಲ್ ಎಂದರೆ ಬೈಕಾರ್ಬೊನೇಟಿನಲ್ಲಿ ಇಲ್ಲ ಎಂದು ಕಣ್ಣುಮುಚ್ಚಿ ಬರೆಯುವವರಿಗೆ ಇದು ವೈವಾದಲ್ಲಿ ಕಾಯುವ ಪ್ರಶ್ನೆ.

ಲ್ಯಾಬಿನಲ್ಲಿ ಪ್ರತಿ ವರ್ಷ ನೋಡುವ ಎರಡು ಎಡವಟ್ಟು ಹೇಳಿಬಿಡುತ್ತೇನೆ. ಮೊದಲನೆಯದು ಪ್ರಮಾಣ. ಕರಗಿತು ಅಥವಾ ಕರಗಲಿಲ್ಲ ಎಂದು ಹೇಳಲು ಒಂದು ಅಳತೆ ಬೇಕು. ಸಾಮಾನ್ಯವಾಗಿ 3 ಮಿ.ಲೀ. ದ್ರಾವಕಕ್ಕೆ 0.1 ಗ್ರಾಂ. ಈ ಅಳತೆಯಲ್ಲಿ ಬೆಂಜೋಯಿಕ್ ಆಸಿಡ್ ತಣ್ಣೀರಲ್ಲಿ ಖಂಡಿತ ಉಳಿಯುತ್ತದೆ. ಆದರೆ ಒಬ್ಬರು ಸಾಸಿವೆಯಷ್ಟು ಪುಡಿಯನ್ನು ಅರ್ಧ ಟೆಸ್ಟ್ ಟ್ಯೂಬ್ ನೀರಿಗೆ ಹಾಕಿ ಚೆನ್ನಾಗಿ ಕುಲುಕಿದರೆ ಅದು ಪೂರ್ತಿ ಮಾಯವಾಗಲೂಬಹುದು. ಪಕ್ಕದವನು ಒಂದು ಚಮಚ ಸುರಿದು ‘ಕರಗಲಿಲ್ಲ’ ಎನ್ನುತ್ತಾನೆ. ಇಬ್ಬರೂ ಕಂಡದ್ದನ್ನೇ ಬರೆದಿದ್ದಾರೆ, ಆದರೂ ಇಬ್ಬರ ಉತ್ತರ ಬೇರೆ. ಬಿಸಿ ಮಾಡಿದರಂತೂ ಕಥೆಯೇ ಬೇರೆ: ಕುದಿಯುವ 100 ಮಿ.ಲೀ. ನೀರು 5 ಗ್ರಾಂಗೂ ಹೆಚ್ಚು ಬೆಂಜೋಯಿಕ್ ಆಸಿಡ್ ಹಿಡಿಯುತ್ತದೆ, ತಣಿದಾಗ ಹೆಚ್ಚಿನದನ್ನು ಹೊಳೆಯುವ ಹರಳಾಗಿ ವಾಪಸು ಕೊಡುತ್ತದೆ. ನಾವು ಮರುಹರಳೀಕರಣ ಮಾಡುವುದು ಈ ವ್ಯತ್ಯಾಸದ ಬಲದಿಂದಲೇ.

ಎರಡನೆಯದು ಹೆಚ್ಚು ಅಪಾಯಕಾರಿ, ಅಂಕದ ದೃಷ್ಟಿಯಿಂದ. ಫೀನಾಲ್ ನೀರಿನಲ್ಲೇ 100 ಮಿ.ಲೀ.ಗೆ ಸುಮಾರು 8 ಗ್ರಾಂ ಕರಗುತ್ತದೆ. ನೀವು 0.1 ಗ್ರಾಂ ಫೀನಾಲನ್ನು ಬೈಕಾರ್ಬೊನೇಟ್ ದ್ರಾವಣಕ್ಕೆ ಹಾಕಿದರೆ ಅದು ಕಣ್ಮರೆಯಾಗುತ್ತದೆ, ನೀವು ಸಂತೋಷದಿಂದ ‘ಕಾರ್ಬಾಕ್ಸಿಲಿಕ್ ಆಸಿಡ್’ ಎಂದು ಬರೆಯುತ್ತೀರಿ. ಅದು ಕರಗಿದ್ದು ಬೈಕಾರ್ಬೊನೇಟಿನಿಂದಲ್ಲ, ಅದರಲ್ಲಿರುವ ನೀರಿನಿಂದ. ಹಾಗಾಗಿ ಬೈಕಾರ್ಬೊನೇಟಿನಲ್ಲಿ ಕರಗಿತೇ ಎಂದು ನೋಡಬೇಡಿ, ಗುಳ್ಳೆ ಎದ್ದಿತೇ ಎಂದು ನೋಡಿ. ನೀರಿನ ಪರೀಕ್ಷೆಯನ್ನು ಮೊದಲು ಮಾಡಿಸುವುದೂ ಇದೇ ಕಾರಣಕ್ಕೆ: ನೀರಲ್ಲೇ ಕರಗುವ ವಸ್ತುವಿನ ವಿಷಯದಲ್ಲಿ ಉಳಿದ ಮೂರು ಟ್ಯೂಬುಗಳ ‘ಕರಗಿತು’ ಎಂಬ ಮಾತಿಗೆ ಬೆಲೆ ಇಲ್ಲ. (ಫೀನಾಲ್ ಬಾಟಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ ಎಂದು ಇನ್ನೊಮ್ಮೆ ಹೇಳುತ್ತೇನೆ. ಚರ್ಮ ಬೆಳ್ಳಗಾಗಿ ಸುಡುತ್ತದೆ, ಮೊದಲಿಗೆ ನೋವೇ ಗೊತ್ತಾಗುವುದಿಲ್ಲ.)

ಇಷ್ಟನ್ನು ನಾನು ಮರುವಾರ ತರಗತಿಯಲ್ಲಿ ಹೇಳಿ ಮುಗಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬ್ಯಾಗಿನಿಂದ ಮಕ್ಕಳ ಜ್ವರದ ಸಿರಪ್ ಬಾಟಲಿ ತೆಗೆದ. ತಮ್ಮನಿಗೆಂದು ಮೆಡಿಕಲ್‌ನಿಂದ ಕೊಂಡದ್ದು. “ಸರ್, ಪ್ಯಾರಾಸಿಟಮಾಲ್ ನೀರಲ್ಲಿ ಎಷ್ಟು ಕರಗುತ್ತೆ?” ಎಂದ. 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 14 ಗ್ರಾಂ ಎಂದೆ. ಅವನು ಲೇಬಲ್ ಓದಿದ: ಪ್ರತಿ 5 ಮಿ.ಲೀ.ಗೆ 120 ಮಿ.ಗ್ರಾಂ. ಬೋರ್ಡಿಗೆ ಬಂದು ಲೆಕ್ಕ ಮಾಡಲು ಹೇಳಿದೆ. ಲೀಟರಿಗೆ 24 ಗ್ರಾಂ ಬಂತು. “ಹಾಗಾದರೆ ಉಳಿದ 10 ಗ್ರಾಂ ಎಲ್ಲಿದೆ?”

ಈ ಪ್ರಶ್ನೆಗಾಗಿಯೇ ನಾನು ಈ ಲೇಖನ ಬರೆಯಲು ಕೂತದ್ದು.

ತರಗತಿಯಿಂದ ತಕ್ಷಣ ಬಂದ ಸಲಹೆ: “ಸರ್, ಪ್ಯಾರಾಸಿಟಮಾಲ್‌ನಲ್ಲಿ ಫೀನಾಲ್ ಗುಂಪು ಇದೆ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಕರಗಿಸಬಹುದಲ್ಲ?” ಕಲಿತದ್ದನ್ನು ಬಳಸಿದ್ದಕ್ಕೆ ಖುಷಿಯಾಯಿತು. ಟೆಸ್ಟ್ ಟ್ಯೂಬಿನಲ್ಲಿ ಖಂಡಿತ ಕರಗುತ್ತದೆ. ಆದರೆ ಅದರ ಪಿಕೆಎ 9.5ರ ಹತ್ತಿರ. ಅಷ್ಟು ಪ್ರತ್ಯಾಮ್ಲೀಯ ನೀರನ್ನು ಮಗುವಿಗೆ ಕುಡಿಸಲಾಗದು. ಸಾಲದ್ದಕ್ಕೆ ಪ್ಯಾರಾಸಿಟಮಾಲಿನ ಅಮೈಡ್ ಬಂಧ ಪ್ರತ್ಯಾಮ್ಲದಲ್ಲಿ ಮೆಲ್ಲಗೆ ಮುರಿದು ಪ್ಯಾರಾ ಅಮಿನೊಫೀನಾಲ್ ಎಂಬ ವಿಷವಸ್ತು ಆಗುತ್ತದೆ. ಆಸಿಡಿನಲ್ಲಿ ಕರಗಿಸೋಣ ಎಂದರೆ ಅಮೈಡಿನ ನೈಟ್ರೋಜನ್ ಅಮೀನಿನ ಹಾಗೆ ಪ್ರೋಟಾನ್ ತೆಗೆದುಕೊಳ್ಳುವುದಿಲ್ಲ, ಅದರ ಎಲೆಕ್ಟ್ರಾನ್ ಜೋಡಿ ಕಾರ್ಬೊನೈಲ್ ಕಡೆಗೆ ವಾಲಿರುತ್ತದೆ. ಅಯಾನು ಮಾಡುವ ಎರಡು ಬಾಗಿಲೂ ಮುಚ್ಚಿದವು.

ಉಳಿದದ್ದು ಎರಡು ದಾರಿ. ಒಂದು, ಕರಗಿಸುವುದನ್ನೇ ಬಿಟ್ಟು ನುಣ್ಣನೆಯ ಪುಡಿಯಾಗಿ ದಪ್ಪ ದ್ರವದಲ್ಲಿ ತೇಲಿಸುವುದು. ಬಾಟಲಿಯ ಮೇಲೆ ‘ಸಸ್ಪೆನ್ಷನ್’ ಎಂದು ಇರುತ್ತದೆ, ‘ಬಳಸುವ ಮುನ್ನ ಚೆನ್ನಾಗಿ ಕುಲುಕಿ’ ಎಂದೂ ಇರುತ್ತದೆ. ಆ ಸಾಲು ನಿಜವಾಗಿ ವಿಲೀನತೆಯ ಪಾಠ. ಕುಲುಕದೆ ಕೊಟ್ಟರೆ ಮೇಲಿನ ಚಮಚದಲ್ಲಿ ಔಷಧ ಕಡಿಮೆ, ತಳದ ಚಮಚದಲ್ಲಿ ಬೇಕಾದ್ದಕ್ಕಿಂತ ಹೆಚ್ಚು. ಮನೆಯಲ್ಲಿ ಇದನ್ನು ಉಮ್ಮನಿಗೋ ಅಕ್ಕನಿಗೋ ಹೇಳಿ. ಹುಡುಗ ತಂದಿದ್ದ ಬಾಟಲಿಯನ್ನು ಬೆಳಕಿಗೆ ಹಿಡಿದೆವು, ಒಳಗೆ ಮಬ್ಬಾಗಿತ್ತು. ಅವನ 10 ಗ್ರಾಂ ಅಲ್ಲಿತ್ತು.

ಇನ್ನೊಂದು ದಾರಿ, ನೀರಿನ ಜೊತೆ ಇನ್ನೊಂದು ದ್ರಾವಕ ಬೆರೆಸುವುದು. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಇಂಥವು. ಇವುಗಳಲ್ಲಿ ಒಎಚ್ ಗುಂಪು ಇರುವುದರಿಂದ ನೀರಿನೊಂದಿಗೆ ಪೂರ್ತಿ ಬೆರೆಯುತ್ತವೆ; ಇಂಗಾಲದ ಭಾಗವೂ ಇರುವುದರಿಂದ ನೀರಿನ ಬಿಗಿ ಜಾಲವನ್ನು ಸಡಿಲಿಸಿ ಬೆಂಜೀನ್ ಉಂಗುರದ ಅಣುವಿಗೆ ಜಾಗ ಮಾಡಿಕೊಡುತ್ತವೆ. ತಿಳಿಯಾದ, ಸಿಹಿಯಾದ ಸಿರಪ್ ಸಿದ್ಧ. ಔಷಧ ತಯಾರಿಕೆಯಲ್ಲಿ ಇದು ನಿತ್ಯದ ವಿಧಾನ, ಸರಿಯಾದ ದ್ರಾವಕ ಬಳಸಿದರೆ ಯಾವ ತೊಂದರೆಯೂ ಇಲ್ಲ.

1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಹೊಸ ಔಷಧ. ಮಾತ್ರೆಯಾಗಿ, ಪುಡಿಯಾಗಿ ಸೋಂಕುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಮಕ್ಕಳಿಗೆ ಕುಡಿಸಲು ದ್ರವರೂಪ ಬೇಕೆಂದು ಬೇಡಿಕೆ ಬಂತು. ಆದರೆ 100 ಮಿ.ಲೀ. ನೀರಿನಲ್ಲಿ ಅದು ಒಂದು ಗ್ರಾಂ ಕೂಡ ಕರಗುವುದಿಲ್ಲ. ಟೆನೆಸಿ ರಾಜ್ಯದ ಮ್ಯಾಸೆಂಗಿಲ್ ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಹೆರಾಲ್ಡ್ ವಾಟ್ಕಿನ್ಸ್ ಅದನ್ನು ಚೆನ್ನಾಗಿ ಕರಗಿಸುವ ದ್ರಾವಕವೊಂದನ್ನು ಕಂಡುಕೊಂಡ: ಡೈಎಥಿಲೀನ್ ಗ್ಲೈಕಾಲ್. ಎರಡು ತುದಿಯಲ್ಲಿ ಒಎಚ್, ನಡುವೆ ಒಂದು ಈಥರ್ ಆಕ್ಸಿಜನ್. ನಮ್ಮ ಜಮಾಖರ್ಚಿನಲ್ಲಿ ನೋಡಿದರೆ ಆ ಆಯ್ಕೆ ಅತ್ಯುತ್ತಮ. ರುಚಿ, ಬಣ್ಣ, ವಾಸನೆ ಪರೀಕ್ಷಿಸಿದರು, ರಾಸ್ಪ್‌ಬೆರಿ ಪರಿಮಳ ಸೇರಿಸಿದರು, ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಕಳಿಸಿದರು. ದೇಹದೊಳಗೆ ಹೋದರೆ ಏನಾಗುತ್ತದೆ ಎಂದು ಪರೀಕ್ಷಿಸಲಿಲ್ಲ. ಹಾಗೆ ಪರೀಕ್ಷಿಸಬೇಕೆಂಬ ಕಾನೂನು ಆಗ ಅಲ್ಲಿ ಇರಲಿಲ್ಲ. ಡೈಎಥಿಲೀನ್ ಗ್ಲೈಕಾಲ್ ದೇಹದಲ್ಲಿ ಉತ್ಕರ್ಷಣಗೊಂಡು ಡೈಗ್ಲೈಕಾಲಿಕ್ ಆಸಿಡ್ ಆಗುತ್ತದೆ, ಅದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಕೆಲವೇ ವಾರಗಳಲ್ಲಿ 100ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು. ಔಷಧ ಕೊಲ್ಲಲಿಲ್ಲ, ಅದನ್ನು ಕರಗಿಸಿದ್ದು ಕೊಂದಿತು.

ಕಂಪನಿಯ ಮೇಲೆ ಹಾಕಲು ಸಿಕ್ಕ ಆರೋಪ ಏನು ಗೊತ್ತೇ? ಬಾಟಲಿಯ ಮೇಲೆ ‘ಎಲಿಕ್ಸಿರ್’ ಎಂದು ತಪ್ಪಾಗಿ ಬರೆದದ್ದು. ಆ ಹೆಸರಿನ ಔಷಧದಲ್ಲಿ ಆಲ್ಕೋಹಾಲ್ ಇರಬೇಕಿತ್ತು, ಇದರಲ್ಲಿ ಇರಲಿಲ್ಲ. ಎಲಿಕ್ಸಿರ್ ಎಂಬುದು ಅರಬಿಯ ಅಲ್-ಇಕ್ಸೀರ್‌ನಿಂದ ಬಂದ ಪದ. ಆಲ್ಕೋಹಾಲ್ ಕೂಡ ಅರಬಿಯದೇ, ಅಲ್-ಕುಹ್ಲ್, ಅಂದರೆ ಕಣ್ಣಿಗೆ ಹಚ್ಚುವ ಸುರ್ಮಾ. ನಮ್ಮ ಪೂರ್ವಜರ ರಸವಿದ್ಯೆಯ ಎರಡು ಪದಗಳು ಒಂದು ಕೋರ್ಟಿನಲ್ಲಿ ಹೀಗೆ ಭೇಟಿಯಾದವು. ಮರುವರ್ಷ, 1938ರಲ್ಲಿ, ಹೊಸ ಔಷಧ ಸುರಕ್ಷಿತ ಎಂದು ಮಾರುವ ಮೊದಲೇ ತೋರಿಸಬೇಕೆಂಬ ಕಾನೂನು ಅಮೆರಿಕದಲ್ಲಿ ಬಂತು.

ಇದು ಹಳೆಯ ಕಥೆ ಎಂದು ಮುಚ್ಚಿಡುವಂತಿಲ್ಲ. ಪ್ರೊಪಿಲೀನ್ ಗ್ಲೈಕಾಲ್ ಅಥವಾ ಗ್ಲಿಸರಿನ್ ಎಂದು ಕೊಂಡ ಡ್ರಮ್ಮಿನಲ್ಲಿ ಅಗ್ಗದ ಡೈಎಥಿಲೀನ್ ಗ್ಲೈಕಾಲ್ ಸೇರಿರುವುದು ಮತ್ತೆ ಮತ್ತೆ ನಡೆದಿದೆ. ನೋಡಲು ಎಲ್ಲವೂ ಬಣ್ಣವಿಲ್ಲದ ಮಂದ ದ್ರವ, ಎಲ್ಲವೂ ಸಿಹಿ, ಎಲ್ಲವೂ ನೀರಿನಲ್ಲಿ ಬೆರೆಯುತ್ತವೆ. ಕರಗಿಸುವ ವಿಷಯದಲ್ಲಿ ಅಣ್ಣತಮ್ಮಂದಿರು. ದೇಹದೊಳಗೆ ಒಂದು ಲ್ಯಾಕ್ಟಿಕ್ ಆಸಿಡ್ ಆಗಿ ಸುಮ್ಮನೆ ಬಳಕೆಯಾಗುತ್ತದೆ, ಇನ್ನೊಂದು ಮೂತ್ರಪಿಂಡ ಕೆಡಿಸುತ್ತದೆ. 2022ರ ಅಕ್ಟೋಬರಿನಲ್ಲಿ ಗ್ಯಾಂಬಿಯಾ ದೇಶದ ಮಕ್ಕಳ ಸಾವಿನ ನಂತರ, ಭಾರತದಲ್ಲಿ ತಯಾರಾದ ಸಿರಪ್‌ಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಹೊರಡಿಸಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಸತ್ತರು. ಔಷಧ ಸಂಹಿತೆಯ ಪ್ರಕಾರ ಈ ದ್ರಾವಕಗಳಲ್ಲಿ ಡೈಎಥಿಲೀನ್ ಗ್ಲೈಕಾಲ್ ಶೇಕಡಾ 0.1 ಮೀರುವಂತಿಲ್ಲ, ಅದನ್ನು ಗ್ಯಾಸ್ ಕ್ರೊಮಟೋಗ್ರಫಿಯಿಂದ ಪತ್ತೆ ಮಾಡಬಹುದು. ಪ್ರತಿ ಡ್ರಮ್ಮಿನಿಂದ ಸ್ವಲ್ಪ ತೆಗೆದು ಆ ಪರೀಕ್ಷೆ ಮಾಡಿ ಸಹಿ ಹಾಕುವವರು ಬಿ.ಎಸ್ಸಿ., ಬಿ.ಫಾರ್ಮ ಓದಿದವರು. ಇನ್ನು ಐದಾರು ವರ್ಷಕ್ಕೆ ಆ ಕುರ್ಚಿಯಲ್ಲಿ ನಿಮ್ಮಲ್ಲೇ ಕೆಲವರು ಕೂತಿರುತ್ತೀರಿ. ರೆಕಾರ್ಡಿನ ‘ಕಾರಣ’ ಅಂಕಣವನ್ನು ಪಕ್ಕದವರ ಪುಸ್ತಕ ನೋಡಿ ತುಂಬಿಸುವಾಗ ನನಗೆ ಯಾಕೆ ಸಿಟ್ಟು ಬರುತ್ತದೆ ಎಂದು ಕೇಳಿದವರಿಗೆ ಇದು ಉತ್ತರ.

ಬರುವ ಸೋಮವಾರ ಎಲ್ಲ ರೆಕಾರ್ಡ್ ಪುಸ್ತಕಗಳನ್ನೂ ಮತ್ತೊಮ್ಮೆ ತನ್ನಿ, ನಾನು ಹಾಕಿದ ಸರಿ ಗುರುತುಗಳನ್ನು ನಾನೇ ಹೊಡೆದು ಹಾಕುತ್ತೇನೆ. ಪ್ರತಿ ಸಾಲಿಗೂ ಯಾವ ಹಿಡಿತ ಬಿಟ್ಟಿತು, ಯಾವುದು ಹೊಸದಾಗಿ ಕಟ್ಟಿತು, ವಸ್ತು ಹಾಗೆಯೇ ಕರಗಿತೇ ಅಥವಾ ಅಯಾನಾಗಿ ಬದಲಾಗಿ ಕರಗಿತೇ ಎಂದು ಬರೆಯಬೇಕು. ಮನೆಯಲ್ಲಿ ಸಿರಪ್‌ನ ಖಾಲಿ ಬಾಟಲಿ ಇದ್ದರೆ ಲೇಬಲ್ ಕೀಳದೆ ತನ್ನಿ. ಲೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ ಬಾಟಲಿ ತಂದವರದ್ದು, ವಿಲೀನತೆಯ ಅಂಕಿ ನನ್ನದು. ಬೈಕಾರ್ಬೊನೇಟಿನ ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ತನ್ನ ಪುಟವನ್ನು ಆಗಲೇ ತಿದ್ದಿ ತೋರಿಸಿದ್ದಾಳೆ.